16 ಮಳೆಗಾಲ ಕಂಡ ಅಂಬಾಸಿಡರ್: ತುಕ್ಕು ಹಿಡಿದ ಕಾರೊಂದರ ಡಿಜಿಟಲ್ ಮಾದರಿ ಕಟ್ಟಿದ ಪ್ರಕರಣ

ನಾನು ಬೆಂಗಳೂರಿನ ಒಂದು ಸಣ್ಣ ಗೇಮ್ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತೇನೆ. ಆಟದೊಳಗೆ ಕಾಣುವ ಸಾಮಾನುಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ನನ್ನ ಕೆಲಸ. ಬಾವಿಯ ರಾಟೆ, ಲಾಟೀನು, ಮರದ ಪೆಟ್ಟಿಗೆ, ಹೀಗೆ. 2023ರ ಆಗಸ್ಟ್‌ನಲ್ಲಿ ನನ್ನ ಪಾಲಿಗೆ ಒಂದು ಕಾರು ಬಂತು. ಕರಾವಳಿಯ ಹಳೇ ಮನೆಯೊಂದರ ಹಿತ್ತಲಲ್ಲಿ ಸುಮಾರು 15 ವರ್ಷದಿಂದ ನಿಂತೇ ಇರುವ ಅಂಬಾಸಿಡರ್. ಆಟ ಆಡುವವರು ಅದರ ಸುತ್ತ ನಡೆಯಬಹುದು, ಬಗ್ಗಿ ಒಳಗೆ ಇಣುಕಬಹುದು, ರಾತ್ರಿ ಟಾರ್ಚ್ ಬಿಟ್ಟು ನೋಡಬಹುದು. ಕಾರಿಗೆ ಮುಖ ತಾಗುವಷ್ಟು ಹತ್ತಿರ ಹೋದರೂ ಅದು ನಿಜ ಅನ್ನಿಸಬೇಕು.

ಕೊಟ್ಟ ಮಿತಿ ಇಷ್ಟು: ಹೆಚ್ಚೆಂದರೆ 65,000 ತ್ರಿಕೋನ (ಮಾದರಿಯ ಮೈ ಕಟ್ಟುವುದು ಇವುಗಳಿಂದಲೇ), 4096 ಪಿಕ್ಸೆಲ್ ಅಗಲದ ಎರಡು ಟೆಕ್ಸ್ಚರ್ ಸೆಟ್ (ಆ ಮೈಗೆ ಹೊದಿಸುವ ಚಿತ್ರಗಳು), ಐದು ವಾರ. ಮಾದರಿ ಕಟ್ಟಲು ಬ್ಲೆಂಡರ್, ಬಣ್ಣ ಬಳಿಯಲು ಸಬ್‌ಸ್ಟೆನ್ಸ್ ಪೇಂಟರ್, ಕೊನೆಗೆ ಆಟ ಓಡುವುದು ಅನ್‌ರಿಯಲ್ ಎಂಜಿನ್‌ನಲ್ಲಿ. ಐದು ವಾರ ಸಾಲಲಿಲ್ಲ, ಎಂಟಾಯಿತು. ಮೊದಲ ಎರಡು ವಾರದಲ್ಲಿ ನಾನು ಮಾಡಿದ್ದು ತಪ್ಪು ಕಾರು. ಆ ತಪ್ಪನ್ನು ಪೂರ್ತಿ ಹೇಳದಿದ್ದರೆ ಮುಂದಿನ ಕೆಲಸ ಯಾಕೆ ಹಾಗೆ ಮಾಡಿದೆ ಅನ್ನುವುದು ಅರ್ಥವಾಗುವುದಿಲ್ಲ.

ಮೊದಲ ಕಾರು

ಆಕಾರ ಕಷ್ಟ ಕೊಡಲಿಲ್ಲ. ಅಂಬಾಸಿಡರ್ ಅಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ನಮ್ಮ ರೂಪ. 1950ರ ದಶಕದ ಕೊನೆಯಿಂದ 2014ರ ತನಕ ಕೋಲ್ಕತ್ತಾ ಹತ್ತಿರದ ಉತ್ತರಪಾರಾದ ಕಾರ್ಖಾನೆಯಲ್ಲಿ ತಯಾರಾಯಿತು. ಅಷ್ಟು ವರ್ಷದಲ್ಲಿ ಜಾಲರಿ, ದೀಪ, ಡ್ಯಾಶ್‌ಬೋರ್ಡ್ ಬದಲಾದವು. ದುಂಡು ಮೈ ಹೆಚ್ಚುಕಮ್ಮಿ ಹಾಗೇ ಉಳಿಯಿತು. ಹಾಗಾಗಿ ಫೋಟೋಗಳಿಗೆ ಬರ ಇಲ್ಲ. ಒಂದು ವಾರದಲ್ಲಿ ಕಾರು ನಿಂತಿತು.

ಎರಡನೇ ವಾರ ತುಕ್ಕು. ಪೇಂಟರ್‌ನಲ್ಲಿ ಸ್ಮಾರ್ಟ್ ಮೆಟೀರಿಯಲ್ ಅಂತ ಸಿದ್ಧ ಲೇಪಗಳಿರುತ್ತವೆ. ಮಾದರಿಯ ಅಂಚು ಎಲ್ಲಿದೆ, ಸಂದು ಎಲ್ಲಿದೆ ಅಂತ ತಾನೇ ಲೆಕ್ಕ ಹಾಕಿ ಅಂಚುಗಳಲ್ಲಿ ಬಣ್ಣ ಸವೆಸಿ ತುಕ್ಕು ತೋರಿಸುತ್ತವೆ. ನಾನು ಅದನ್ನೇ ಹಾಕಿದೆ, ಮೇಲೆ ಒಂದಷ್ಟು ಕಲೆ, ಒಂದಷ್ಟು ಧೂಳು. ಪರದೆಯ ಮೇಲೆ ಚೆನ್ನಾಗಿಯೇ ಕಂಡಿತು. ಕೇಸರಿ ಬಣ್ಣ ಎದ್ದು ಹೊಡೆಯುತ್ತಿತ್ತು. ಬಾನೆಟ್‌ನ ಅಂಚು, ಬಾಗಿಲಿನ ಅಂಚು, ಮಡ್‌ಗಾರ್ಡಿನ ಉಬ್ಬು, ಎಲ್ಲ ಕಡೆ ಒಂದೇ ಹದದಲ್ಲಿ ತುಕ್ಕು.

ನಮ್ಮ ಆರ್ಟ್ ಲೀಡ್ ಮೇಡಂ ಅದನ್ನು ಐದು ನಿಮಿಷ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಈ ಕಾರು ಎಷ್ಟು ಮಳೆಗಾಲ ನೋಡಿದೆ?"

ಹದಿನೈದು ಅಂತ ನಾನೆಂದೆ. "ಮಳೆ ಯಾವ ಕಡೆಯಿಂದ ಬರ್ತಿತ್ತು?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೂತು ಯೋಚಿಸಿದ ಮೇಲೆ ತಪ್ಪು ಕಾಣತೊಡಗಿತು. ಅಂಚಿನಲ್ಲಿ ಬಣ್ಣ ಹೋಗುವುದು ಓಡಾಡುವ ವಸ್ತುವಿಗೆ. ಕೈ ತಾಗುತ್ತದೆ, ಗೋಡೆಗೆ ಉಜ್ಜುತ್ತದೆ, ಬಟ್ಟೆಯಿಂದ ದಿನಾ ಒರೆಸುತ್ತಾರೆ. ನಿಂತ ಕಾರಿನ ಅಂಚನ್ನು ಯಾರು ಮುಟ್ಟುತ್ತಾರೆ? ಅದನ್ನು ತಿನ್ನುವುದು ನೀರು. ನೀರು ಉಬ್ಬಿದ ಅಂಚಿನ ಮೇಲೆ ನಿಲ್ಲುವುದಿಲ್ಲ, ಜಾರಿ ಸಂದಿಗೆ ಇಳಿಯುತ್ತದೆ. ತುಕ್ಕು ಇರಬೇಕಾದ ಜಾಗ ಬಿಟ್ಟು ಇರಬಾರದ ಜಾಗಕ್ಕೆಲ್ಲ ನಾನು ಬಳಿದಿದ್ದೆ.

ಹೊನ್ನಾವರದ ಹಿತ್ತಲು

ಹೊನ್ನಾವರ ತಾಲೂಕಿನ ನಮ್ಮ ದೊಡ್ಡಮ್ಮನ ಮನೆಯ ಹಿಂದೆ ಒಂದು ಅಂಬಾಸಿಡರ್ ನಿಂತಿದೆ. 80ರ ದಶಕದ ಮಾರ್ಕ್ 4, ದೊಡ್ಡಪ್ಪನದು. ಚಿಕ್ಕವನಿದ್ದಾಗ ಅದರ ಹಿಂದಿನ ಸೀಟಿನಲ್ಲಿ ಇಡಗುಂಜಿ ಜಾತ್ರೆಗೆ ಹೋದ ನೆನಪಿದೆ. ಎರಡು ವಾರ ಅಂತರ್ಜಾಲದಲ್ಲಿ ಫೋಟೋ ಹುಡುಕಿದ ನನಗೆ ಆ ಕಾರು ಆಗ ಹೊಳೆಯಲೇ ಇಲ್ಲ. ಸೆಪ್ಟೆಂಬರ್ ಕೊನೆಗೆ, ಮಳೆ ಸ್ವಲ್ಪ ಬಿಡುವು ಕೊಟ್ಟ ಮೇಲೆ, ರಜೆ ಹಾಕಿ ಹೋದೆ.

"ಅದ್ರ ಫೋಟೋ ಎಂತಕ್ಕೆ ತಮಾ?" ಅಂತ ದೊಡ್ಡಮ್ಮ ಕೇಳಿದರು. ಕೆಲಸಕ್ಕೆ ಬೇಕು ಅಂದೆ. ಕಾರು ಯಾವಾಗ ನಿಂತಿತು ಅಂತ ಕೇಳಿದರೆ ಅವರಿಗೆ ದಿನವೇ ನೆನಪಿತ್ತು. 2008ರ ಶಿವರಾತ್ರಿಯ ಮರುದಿನ ದೊಡ್ಡಪ್ಪ ಅದನ್ನು ಹಲಸಿನ ಮರದ ಬುಡಕ್ಕೆ ತಂದು ನಿಲ್ಲಿಸಿದ್ದು. ಆಮೇಲೆ ಅವರು ಹಾಸಿಗೆ ಹಿಡಿದರು, ಆ ವರ್ಷವೇ ಹೋದರು. ಗುಜರಿಯವರು ಮೂರು ಸಲ ಬಂದು ಕೇಳಿದ್ದಾರೆ, ದೊಡ್ಡಮ್ಮ ಕೊಟ್ಟಿಲ್ಲ. 2008ರಿಂದ 2023ಕ್ಕೆ ಲೆಕ್ಕ ಹಾಕಿದರೆ 16 ಮಳೆಗಾಲ. ಅದೂ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಸುರಿಯುವ ಊರಿನ ಮಳೆ. ಸಮುದ್ರ ಅಲ್ಲಿಂದ ಎರಡು ಕಿಲೋಮೀಟರ್ ಕೂಡ ಇಲ್ಲ.

ಮೊದಲ ದಿನ ಕ್ಯಾಮೆರಾ ತೆಗೆಯಲಿಲ್ಲ. ಸುಮ್ನೆ ಸುತ್ತು ಹಾಕಿದೆ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಈಗ ಅನ್ನಿಸುತ್ತದೆ, ಇಡೀ ಕೆಲಸದಲ್ಲಿ ಬೆಲೆ ಬಾಳುವ ದಿನ ಅದೇ.

ಕಾರಿನ ಮೂತಿ ಉತ್ತರಕ್ಕೆ. ಹಾಗಾಗಿ ಎಡಮಗ್ಗುಲು ಪಶ್ಚಿಮಕ್ಕೆ, ಸಮುದ್ರದ ಕಡೆಗೆ. ಬಲಮಗ್ಗುಲಿಗೆ ಕೊಟ್ಟಿಗೆಯ ಗೋಡೆ ಆಸರೆ. ಮುಂಗಾರಿನ ಗಾಳಿಮಳೆ ನೈಋತ್ಯದಿಂದ ಹೊಡೆಯುವುದು ತಾನೇ, ಎಡಬದಿಯ ಹಿಂಭಾಗ ಅದಕ್ಕೆ ನೇರ ಎದೆ ಕೊಟ್ಟಿದೆ. ಆ ಮೂಲೆಯಲ್ಲಿ ಹಿಂದಿನ ಚಕ್ರದ ಮೇಲಿನ ಕಮಾನು ಪೂರ್ತಿ ಹೋಗಿ ಕೈ ತೂರುವಷ್ಟು ತೂತಾಗಿತ್ತು. ಅದೇ ಕಾರಿನ ಬಲಬದಿಯ ಮುಂದಿನ ಬಾಗಿಲಿನಲ್ಲಿ ಬೆರಳು ಒರೆಸಿದರೆ ಬಣ್ಣ ಹೊಳೆಯುತ್ತಿತ್ತು. ಒಂದೇ ಕಾರು, ಎರಡು ಬದಿಗೆ ಎರಡು ವಯಸ್ಸು.

ಇನ್ನೊಂದು ವಿಷಯ, ಕಾರು ಮಟ್ಟವಾಗಿ ನಿಂತಿರಲಿಲ್ಲ. ಮೂತಿಯ ಕಡೆ ನೆಲ ಗಟ್ಟಿ, ಹಿಂದೆ ಅಂಗಳದ ನೀರು ಹರಿದು ಹೋಗುವ ದಾರಿ. ಟೈರುಗಳ ಗಾಳಿ ಹೋದ ಮೇಲೆ ಹಿಂದಿನ ಚಕ್ರಗಳು ಕೆಸರಿನಲ್ಲಿ ಹೂತಿವೆ. ಜೊತೆಗೆ ಡಿಕ್ಕಿಯಲ್ಲಿ ವರ್ಷಗಟ್ಟಲೆ ಸೌದೆ ತುಂಬಿಡುತ್ತಿದ್ದರಂತೆ, ಆ ಭಾರಕ್ಕೆ ಹಿಂದಿನ ಪಟ್ಟಿ ಸ್ಪ್ರಿಂಗುಗಳೂ ಕುಸಿದಿದ್ದವು. ಫೋನಿನ ಮಟ್ಟ ನೋಡುವ ಆ್ಯಪ್ ಇಟ್ಟು ಅಳೆದೆ. ಹಿಂದಕ್ಕೆ 3 ಡಿಗ್ರಿ, ಎಡಕ್ಕೆ 2 ಡಿಗ್ರಿ ವಾಲಿತ್ತು. ಚಾವಣಿ ಮೇಲೆ ಬಿದ್ದ ನೀರೆಲ್ಲ ಎಡ ಹಿಂಬದಿಯ ಮೂಲೆಗೇ ಹೋಗಬೇಕು.

ನೀರಿನ ದಾರಿ

ಎರಡನೇ ದಿನ ಬೆಳಿಗ್ಗೆ ಒಂದು ಕೊಡ ನೀರು, ಒಂದು ಚೆಂಬು ಹಿಡಿದು ಹೋದೆ. ಚಾವಣಿಯ ಮೇಲೆ ಒಂದೊಂದೇ ಚೆಂಬು ಹೊಯ್ದು ನೀರು ಎಲ್ಲಿ ಹೋಗುತ್ತದೆ ಅಂತ ನೋಡಿದೆ. ತುಕ್ಕಿನ ಮಾದರಿ ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಒಂದು ಚೆಂಬು ನೀರು ಹೊಯ್ಯಿರಿ.

ಅಂಬಾಸಿಡರ್‌ನ ಬಾಗಿಲುಗಳ ಮೇಲೆ, ಚಾವಣಿಯ ಅಂಚಿಗೆ, ಮನೆಯ ಸೂರಿಗೆ ಕಟ್ಟುವ ದೋಣಿಯ ಹಾಗೆ ಒಂದು ಸಣ್ಣ ತಗಡಿನ ಕಾಲುವೆ ಇದೆ. ಚಾವಣಿಯ ನೀರು ಅದಕ್ಕೆ ಇಳಿದು ಹಿಂದಕ್ಕೆ ಹರಿಯಿತು. ಕಾಲುವೆಯಲ್ಲಿ ಎಲೆಯ ಗೊಬ್ಬರ ಕಟ್ಟಿದ ಕಡೆ ನಿಂತಿತು, ತುಂಬಿ ಬಾಗಿಲಿನ ಮೇಲೆ ಸುರಿಯಿತು. ನೋಡಿದರೆ ಬಾಗಿಲಿನ ಮೇಲಿದ್ದ ಕಂದು ಗೆರೆಗಳು ಸರಿಯಾಗಿ ಅಲ್ಲೇ ಶುರುವಾಗಿದ್ದವು. ಸುರಿದ ನೀರು ಕಿಟಕಿಯ ಬೀಡಿಂಗ್ ಸಂದಿಯಿಂದ ಬಾಗಿಲಿನ ಹೊಟ್ಟೆಯೊಳಗೆ ಹೋಯಿತು. ಬಾಗಿಲಿನ ತಳದಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಅವು ಮಣ್ಣು ಕಟ್ಟಿ ಮುಚ್ಚಿದ್ದವು. ಅಂದರೆ 16 ವರ್ಷ ಬಾಗಿಲುಗಳು ಒಳಗೊಳಗೇ ನೀರು ತುಂಬಿಕೊಂಡು ನಿಂತಿವೆ. ತುಕ್ಕು ಒಳಗಿನಿಂದ ಹೊರಗೆ ಬಂದಿದೆ. ಹೊರಗಿನ ಬಣ್ಣ ಇನ್ನೂ ಇದೆ, ಹಪ್ಪಳದ ಹಾಗೆ ಉಬ್ಬಿದೆ, ಬೆರಳಿನಿಂದ ಒತ್ತಿದರೆ ಗರಿಗರಿ ಒಡೆಯುತ್ತದೆ.

ಈ ಉಬ್ಬಿಗೆ ಕಾರಣ ಇದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಬಣ್ಣದ ಕೆಳಗೆ ಜಾಗ ಸಾಲದೆ ಅದನ್ನು ಎತ್ತುತ್ತದೆ, ಬಿರುಕು ಬಿಡಿಸುತ್ತದೆ, ಬಿರುಕಿನಿಂದ ಮತ್ತೆ ನೀರು ಹೋಗುತ್ತದೆ. ಸಮುದ್ರದ ಗಾಳಿಯ ಉಪ್ಪು ಇದಕ್ಕೆ ಇನ್ನಷ್ಟು ವೇಗ ಕೊಡುತ್ತದೆ, ಯಾಕೆಂದರೆ ಉಪ್ಪುನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ತುಕ್ಕು ಹಿಡಿಯುವ ಕ್ರಿಯೆಗೆ ಬೇಕಾದದ್ದೂ ಅದೇ.

ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ ಸೇರುವ ಜಾಗದಲ್ಲಿ, ಹಲಸಿನ ಎಲೆ ಒಂದು ಗೇಣು ಆಳಕ್ಕೆ ಕೊಳೆತು ಮಣ್ಣಾಗಿತ್ತು. ಮೇಲೆ ಸಣ್ಣ ಜರೀಗಿಡ ಹುಟ್ಟಿತ್ತು. ಅದನ್ನು ಸರಿಸಿದಾಗ ಕೆಳಗೆ ಕೇಸರಿ ಬಣ್ಣ ಸ್ವಲ್ಪವೂ ಇರಲಿಲ್ಲ. ಕಡುಗಪ್ಪು, ಸ್ವಲ್ಪ ನೀಲಿ ಮಿಶ್ರ. ಇದು ನನಗೆ ಹೊಸದು, ಆದರೆ ಅಡುಗೆಮನೆಯಲ್ಲಿ ದಿನಾ ನೋಡಿದ್ದೇ. ಬಾಳೆಕಾಯಿ ಹೆಚ್ಚಿದರೆ ಈಳಿಗೆ ಮಣೆಯ ಅಲಗು ಕಪ್ಪಾಗುತ್ತದಲ್ವಾ? ಕಾಯಿಯ ಚೊಗರು ಕಬ್ಬಿಣಕ್ಕೆ ತಾಗಿದರೆ ಆಗುವ ಬಣ್ಣ ಅದು. ಕೊಳೆತ ಎಲೆಯಲ್ಲೂ ಅದೇ ಚೊಗರು ಇರುತ್ತದೆ. ಮರದ ಕೆಳಗೆ ನಿಂತ ಕಾರಿಗೂ ಬಯಲಿನಲ್ಲಿ ನಿಂತ ಕಾರಿಗೂ ತುಕ್ಕಿನ ಬಣ್ಣವೇ ಬೇರೆ.

ಬಂಪರ್ ಇನ್ನೊಂದು ಪಾಠ. ನನ್ನ ಮೊದಲ ಮಾದರಿಯಲ್ಲಿ ಬಂಪರಿಗೂ ತೇಪೆ ತೇಪೆ ತುಕ್ಕು ಹಾಕಿದ್ದೆ. ನಿಜವಾದ ಬಂಪರಿನಲ್ಲಿ ತೇಪೆ ಇಲ್ಲ, ಕಾಳುಮೆಣಸಿನ ಪುಡಿ ಚೆಲ್ಲಿದಂತೆ ಚುಕ್ಕೆಗಳಿದ್ದವು. ಕ್ರೋಮ್‌ಗೆ ತುಕ್ಕು ಬರುವುದಿಲ್ಲ. ಆ ತೆಳು ಲೇಪದಲ್ಲಿ ಸೂಜಿಮೊನೆಯಂಥ ತೂತುಗಳಿರುತ್ತವೆ, ಅವುಗಳ ಮೂಲಕ ನೀರು ಇಳಿದು ಕೆಳಗಿನ ಉಕ್ಕು ತುಕ್ಕಾಗುತ್ತದೆ. ಚುಕ್ಕೆಗಳ ನಡುವೆ ಕ್ರೋಮ್ ಇನ್ನೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಚಾವಣಿಯ ನಡುವೆ, ಸ್ವಲ್ಪ ಹಿಂದಕ್ಕೆ, ಒಂದು ಕಲೆ ನನಗೆ ಅರ್ಥವಾಗಲಿಲ್ಲ. ಸುಮಾರು ಎರಡು ಅಡಿಗೆ ಮೂರು ಅಡಿ. ಬಣ್ಣ ಪೂರ್ತಿ ಹೋಗಿ ಉಕ್ಕು ಕುಳಿಕುಳಿಯಾಗಿತ್ತು. ಅಲ್ಲಿ ನೀರು ನಿಲ್ಲುವುದೇ ಇಲ್ಲ, ಚೆಂಬಿನಲ್ಲಿ ಹೊಯ್ದು ನೋಡಿದೆ, ಜಾರಿ ಹೋಗುತ್ತದೆ. ಹಿಂದೆ ಯಾವಾಗಲೋ ಟಿಂಕರಿಂಗ್ ಮಾಡಿಸಿ ಪುಟ್ಟಿ ಹಚ್ಚಿದ್ದು ಎದ್ದಿರಬೇಕು ಅಂತ ನೋಟ್‌ಬುಕ್ಕಿನಲ್ಲಿ ಬರೆದು ಮುಂದೆ ಹೋದೆ.

ಆಮೇಲೆ ಫೋಟೋ. ಮೋಡದ ದಿನವೇ ಸಿಕ್ಕಿತು, ನೆರಳು ಬೀಳಲಿಲ್ಲ. ಮೂರು ಎತ್ತರದಲ್ಲಿ ಸುತ್ತು ಹಾಕಿ, ಒಂದು ಫೋಟೋ ಇನ್ನೊಂದರ ಮೇಲೆ ಮುಕ್ಕಾಲು ಪಾಲು ಕೂರುವ ಹಾಗೆ 600ಕ್ಕೂ ಹೆಚ್ಚು ತೆಗೆದೆ. ಬಣ್ಣ ಸರಿ ಅಳೆಯಲು ಪ್ರತಿ ಬದಿಯಲ್ಲೂ ಒಮ್ಮೆ ಬೂದು ಕಾರ್ಡ್ ಇಟ್ಟು ತೆಗೆದೆ. ಇವನ್ನು ಮೆಶ್‌ರೂಮ್ ಅನ್ನುವ ಉಚಿತ ತಂತ್ರಾಂಶಕ್ಕೆ ಕೊಟ್ಟರೆ ಅದು ಫೋಟೋಗಳಿಂದ ಮೂರು ಆಯಾಮದ ಆಕಾರ ಕಟ್ಟುತ್ತದೆ. ತುಕ್ಕು ಹಿಡಿದ ತಗಡು ಹೊಳೆಯುವುದಿಲ್ಲವಾದ್ದರಿಂದ ಅದು ಬಲು ಚೆನ್ನಾಗಿ ಬಂತು. ಗಾಜು, ಕ್ರೋಮ್, ಹುಲ್ಲು ಮೂರೂ ಕೆಟ್ಟವು. ಅಂಥ ಮೇಲ್ಮೈಗಳಲ್ಲಿ ಹಾಗಾಗುವುದು ಗೊತ್ತಿದ್ದದ್ದೇ. ಈ ಸ್ಕ್ಯಾನನ್ನು ನೇರವಾಗಿ ಆಟಕ್ಕೆ ಹಾಕುವ ಯೋಚನೆ ಇರಲಿಲ್ಲ, ಪಕ್ಕದಲ್ಲಿಟ್ಟು ನೋಡಿಕೊಂಡು ಕಟ್ಟಲು ಅಷ್ಟೇ. ಅಳತೆ ಕೂರಿಸಲು ಚಕ್ರಗಳ ನಡುವಿನ ಅಂತರ ಹಿಡಿದೆ. ಅಂಬಾಸಿಡರಿಗೆ ಅದು 97 ಇಂಚು, ಅಂದರೆ 2464 ಮಿಲಿಮೀಟರ್. ಮೈ ಎಷ್ಟೇ ಕರಗಿದ್ದರೂ ಆ ಅಂತರ ಹಾಗೇ ಇರುತ್ತದೆ.

ಎರಡನೇ ಕಾರು

ವಾಪಸ್ ಬಂದ ಮೇಲೆ ಹಳೆಯ ಫೈಲ್ ಪಕ್ಕಕ್ಕಿಟ್ಟೆ. ಆಕಾರ ಮಾತ್ರ ಉಳಿಸಿಕೊಂಡು, ಮೊದಲು ಅದನ್ನು ಹೊಸ ಕಾರು ಮಾಡಿದೆ. ಡೆಂಟ್ ಇಲ್ಲ, ಕೊಳೆ ಇಲ್ಲ. ಆಮೇಲೆ ಅದನ್ನು 3 ಡಿಗ್ರಿ ಹಿಂದಕ್ಕೆ, 2 ಡಿಗ್ರಿ ಎಡಕ್ಕೆ ವಾಲಿಸಿದೆ. ಬಣ್ಣದ ಕೆಲಸ ಶುರುವಾದದ್ದು ಅದರ ನಂತರ.

ಈ ಕ್ರಮ ಮುಖ್ಯ. ಪೇಂಟರ್‌ನಲ್ಲಿ ಕೊಳೆಯ ಗೆರೆಗಳು ಮಾದರಿಯ "ಕೆಳಗೆ" ಯಾವುದು ಅಂತ ನೋಡಿಕೊಂಡು ಇಳಿಯುತ್ತವೆ. ಮಟ್ಟವಾಗಿ ನಿಂತ ಕಾರಿಗೆ ಗೆರೆ ಎಳೆದು ಆಮೇಲೆ ವಾಲಿಸಿದರೆ ಗೆರೆಗಳೂ ಕಾರಿನ ಜೊತೆ ವಾಲುತ್ತವೆ. ನೀರು ಹಾಗೆ ಓರೆಯಾಗಿ ಇಳಿಯುವುದಿಲ್ಲ. ನೋಡುವವರಿಗೆ ಯಾಕೆ ಅಂತ ಹೇಳಲು ಬಾರದಿದ್ದರೂ ಎಲ್ಲೋ ಏನೋ ಸರಿಯಿಲ್ಲ ಅಂತ ಕಣ್ಣಿಗೆ ಗೊತ್ತಾಗುತ್ತದೆ. ದೊಡ್ಡಮ್ಮನ ಮನೆಯ ಕಾರಿನಲ್ಲಿ ಇನ್ನೂ ಒಂದು ಸೂಕ್ಷ್ಮ ಇತ್ತು. ಅದು ಒಂದೇ ದಿನಕ್ಕೆ ವಾಲಿದ್ದಲ್ಲ. ಮೊದಮೊದಲ ವರ್ಷಗಳ ಗೆರೆಗಳು ಬಾಗಿಲಿನ ತಳಕ್ಕೆ ನೇರವಾಗಿದ್ದವು. ಆಮೇಲಿನವು ಅವುಗಳ ಮೇಲೆಯೇ ಸ್ವಲ್ಪ ಹಿಂದಕ್ಕೆ ಓರೆಯಾಗಿದ್ದವು. ಹಾಗಾಗಿ ಗೆರೆಗಳನ್ನು ಎರಡು ಸಲ ಎಳೆದೆ. ಕಾರನ್ನು ಮತ್ತೆ ಮಟ್ಟಕ್ಕೆ ತಂದು ಒಮ್ಮೆ, ತಿಳಿ ಬಣ್ಣದಲ್ಲಿ. ವಾಲಿಸಿ ಇನ್ನೊಮ್ಮೆ, ಗಾಢವಾಗಿ.

ಪದರಗಳನ್ನು ವರ್ಷಗಳ ಪ್ರಕಾರ ಫೋಲ್ಡರ್ ಮಾಡಿದೆ. ನಿಂತಾಗಿನ ಕಾರು, ಮೊದಲ ಮೂರು ಮಳೆಗಾಲ, ಎಂಟರ ತನಕ, ಹದಿನಾರರ ತನಕ. ಮೊದಲ ಫೋಲ್ಡರಿನಲ್ಲಿ ತುಕ್ಕೇ ಇಲ್ಲ. ಬಿಸಿಲಿಗೆ ಮೇಲ್ಮುಖದ ಬಣ್ಣ ಸುಣ್ಣದ ಹಾಗೆ ಪುಡಿಯಾಗುವುದು, ಕಾಲುವೆಯಲ್ಲಿ ಎಲೆ ಸೇರುವುದು, ಬೀಡಿಂಗ್ ರಬ್ಬರ್ ಬಿರಿಯುವುದು, ಇಷ್ಟೇ. ಆದರೆ ಮುಂದಿನ ತುಕ್ಕು ಎಲ್ಲಿ ಬರಬೇಕು ಅಂತ ನಿರ್ಧಾರವಾಗುವುದು ಇಲ್ಲೇ. ಎಲೆ ಸೇರಿದ ಜಾಗದ ಮಾಸ್ಕನ್ನೇ (ಒಂದು ಪದರ ಎಲ್ಲೆಲ್ಲಿ ಕಾಣಬೇಕು ಅಂತ ಹೇಳುವ ಕಪ್ಪು-ಬಿಳುಪು ಚಿತ್ರ) ಮುಂದಿನ ಫೋಲ್ಡರಿನ ತುಕ್ಕಿಗೆ ಬೀಜವಾಗಿ ಕೊಟ್ಟೆ. ಆ ತುಕ್ಕಿನ ಮಾಸ್ಕ್ ಅದರ ಮುಂದಿನ ತೂತಿಗೆ. ಹೀಗೆ ಒಂದರಿಂದ ಒಂದು ಹುಟ್ಟಿದ್ದರಿಂದ ಯಾವ ಕಲೆಯೂ ತಾನೇ ತಾನಾಗಿ ಬಂದು ಕೂತ ಹಾಗೆ ಕಾಣಲಿಲ್ಲ.

ಸಾಮಾನ್ಯವಾಗಿ ಕಾರಿನ ಮಾದರಿಯಲ್ಲಿ ಅರ್ಧ ಭಾಗಕ್ಕೆ ಬಣ್ಣ ಬಳಿದು ಇನ್ನರ್ಧಕ್ಕೆ ಅದನ್ನೇ ಕನ್ನಡಿಯಂತೆ ತಿರುಗಿಸುತ್ತೇವೆ. ಟೆಕ್ಸ್ಚರ್ ಉಳಿತಾಯ. ಇಲ್ಲಿ ಅದು ಆಗುವುದಿಲ್ಲ, ಎಡಕ್ಕೂ ಬಲಕ್ಕೂ ಸಂಬಂಧವೇ ಇಲ್ಲ. ಎರಡೂ ಬದಿಗೆ ಪೂರ್ತಿ ಜಾಗ ಕೊಟ್ಟೆ. ಒಂದು ಮೀಟರಿಗೆ 1024 ಪಿಕ್ಸೆಲ್ ಬರುವ ಹಾಗೆ ಹರಡಿದೆ, ಅಂದರೆ ಒಂದು ಪಿಕ್ಸೆಲ್ಲಿಗೆ ಹತ್ತಿರ ಹತ್ತಿರ ಒಂದು ಮಿಲಿಮೀಟರ್. ತಳಭಾಗ, ಸೀಟಿನ ಅಡಿ, ಹೂತ ಚಕ್ರ, ಇವಕ್ಕೆ ಕಾಲು ಪಾಲು ಸಾಂದ್ರತೆ ಸಾಕಾಯಿತು. ಕ್ರೋಮಿನ ಚುಕ್ಕೆಗಳು ಒಂದು ಮಿಲಿಮೀಟರಿಗಿಂತ ಸಣ್ಣವು, ಅವು ಇದರಲ್ಲಿ ಹಿಡಿಯುವುದಿಲ್ಲ. ಅವಕ್ಕೆ ಬೇರೆಯೇ ಒಂದು ಸಣ್ಣ ಚೌಕ ಟೆಕ್ಸ್ಚರ್ ಮಾಡಿ ಬಂಪರಿನ ಉದ್ದಕ್ಕೂ ಮತ್ತೆ ಮತ್ತೆ ಹಾಸಿದೆ.

ತೂತುಗಳ ಬಗ್ಗೆ ಒಂದು ಮಾತು. ಟೆಕ್ಸ್ಚರಿನಲ್ಲಿ ಪಾರದರ್ಶಕ ಮಾಡಿ ತೂತು ತೋರಿಸುವುದು ಸುಲಭ, ಖರ್ಚೂ ಕಮ್ಮಿ. ಆದರೆ ಹತ್ತಿರದಿಂದ ಅದು ಕಾಗದ ಹರಿದ ಹಾಗೆ ಕಾಣುತ್ತದೆ, ತಗಡಿಗೆ ದಪ್ಪವೇ ಇರುವುದಿಲ್ಲ. ಕೈ ತೂರುವಂಥ ದೊಡ್ಡ ತೂತು ಐದು ಇದ್ದವು. ಅವನ್ನು ನಿಜವಾಗಿ ಕತ್ತರಿಸಿ, ಅಂಚನ್ನು ಒಳಕ್ಕೆ ಮಡಚಿ, ಒಳಗಿನ ಎರಡನೇ ತಗಡೂ ಕಾಣುವ ಹಾಗೆ ಕಟ್ಟಿದೆ. ಸುಮಾರು 3,000 ತ್ರಿಕೋನ ಅದಕ್ಕೇ ಹೋಯಿತು. ಟಾರ್ಚ್ ಬೆಳಕು ಆ ತೂತಿನಿಂದ ಒಳಗೆ ಬಿದ್ದಾಗ ಅದು ಸಾರ್ಥಕ ಅನ್ನಿಸಿತು. ಅಕ್ಕಿಕಾಳಿನಷ್ಟು ಸಣ್ಣವಕ್ಕೆ ಮಾತ್ರ ಪಾರದರ್ಶಕ ಮಾಸ್ಕ್.

ಬಣ್ಣ

ನನ್ನ ಮೊದಲ ಕಾರು ಇಡೀ ಕೇಸರಿ. ಬೂದು ಕಾರ್ಡಿಗೆ ಹೊಂದಿಸಿ ಫೋಟೋಗಳಿಂದ ಬಣ್ಣ ಎತ್ತಿದಾಗ ಗೊತ್ತಾಯಿತು, ಹಳೇ ತುಕ್ಕು ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಕಪ್ಪು. ಹೊಸ ತುಕ್ಕು ಕೇಸರಿ, ಪುಡಿಪುಡಿ. ವರ್ಷ ಕಳೆದಂತೆ ಅದು ಕಡು ಕಂದಾಗುತ್ತದೆ, ಪದರ ಪದರವಾಗಿ ಏಳುತ್ತದೆ. 16 ವರ್ಷದ ಕಾರಿನಲ್ಲಿ ಎದ್ದು ಕಾಣುವ ಕೇಸರಿ ಇದ್ದದ್ದು ಎರಡೇ ತರದ ಜಾಗದಲ್ಲಿ. ಈಚೆಗೆ ಚಕ್ಕೆ ಉದುರಿದ ಕಡೆ, ಮತ್ತು ಆ ವರ್ಷದ ಮಳೆ ಹೊಸದಾಗಿ ದಾರಿ ಮಾಡಿಕೊಂಡ ಕಡೆ. ಹಾಗಾಗಿ ಕೇಸರಿಯನ್ನು ಕೊನೆಯ ಫೋಲ್ಡರಿನಲ್ಲಿ ಮಾತ್ರ, ಒಗ್ಗರಣೆಯಷ್ಟೇ ಹಾಕಿದೆ.

ಬಣ್ಣ ಉಬ್ಬಿ ಒಡೆದ ಕಡೆ ಇನ್ನೊಂದು ಚೆಂದ ಇತ್ತು. ಮೇಲೆ ಕೆನೆಬಿಳಿ, ಅದರ ಕೆಳಗೆ ತೆಳು ನೀಲಿ, ಅದರ ಕೆಳಗೆ ಬೂದು ಪ್ರೈಮರ್, ಆಮೇಲೆ ತುಕ್ಕು. ದೊಡ್ಡಪ್ಪ ಕಾರು ಕೊಂಡಾಗ ಅದು ನೀಲಿಯಿತ್ತಂತೆ, ಮಗಳ ಮದುವೆಗೆ ಬಿಳಿ ಹೊಡೆಸಿದ್ದು. ಒಡೆದ ಗುಳ್ಳೆಯ ಸುತ್ತ ಈ ಪದರಗಳು ಮರದ ಉಂಗುರಗಳ ಹಾಗೆ ಕಂಡವು. ಇದನ್ನು ಮಾದರಿಯಲ್ಲಿ ತರಲು ಒಂದೇ ಮಾಸ್ಕನ್ನು ಸ್ವಲ್ಪ ಸ್ವಲ್ಪ ಹಿಗ್ಗಿಸಿ ನಾಲ್ಕು ಸಲ ಬಳಸಿದರೆ ಸಾಕು. ಸಣ್ಣ ಕೆಲಸ, ಆದರೆ ಕಾರಿಗೆ ಒಂದು ಹಿಂದಿನ ಬದುಕಿತ್ತು ಅನ್ನುವುದು ಇದರಿಂದಲೇ ಕಾಣುತ್ತದೆ.

ಇಲ್ಲಿ ನಾನು ಮಾಡಿದ ಒಂದು ತಪ್ಪು ಹೊಸಬರೆಲ್ಲ ಮಾಡುವಂಥದ್ದು. ಮೊದಲ ಮಾದರಿಯಲ್ಲಿ ತುಕ್ಕಿನ ಮೆಟಾಲಿಕ್ ಮೌಲ್ಯ (ಮೇಲ್ಮೈ ಲೋಹವೋ ಅಲ್ಲವೋ ಅಂತ ಹೇಳುವ ಅಂಕೆ) 1 ಇಟ್ಟಿದ್ದೆ, ಕಬ್ಬಿಣ ತಾನೇ ಅಂತ. ತುಕ್ಕು ಲೋಹ ಅಲ್ಲ, ಮಣ್ಣಿನ ಜಾತಿಗೆ ಸೇರಿದ್ದು. ಅದರ ಮೆಟಾಲಿಕ್ 0, ರಫ್‌ನೆಸ್, ಅಂದರೆ ಒರಟುತನ, 0.85ರ ಮೇಲೆ ಇರಬೇಕು. ಬಣ್ಣಕ್ಕೂ ಮೆಟಾಲಿಕ್ 0. ಇಡೀ ಕಾರಿನಲ್ಲಿ 1 ಇರಬೇಕಾದದ್ದು ಉಳಿದ ಕ್ರೋಮ್ ಮತ್ತು ಬೋಳು ಉಕ್ಕಿಗೆ ಮಾತ್ರ. ಇದೊಂದನ್ನು ಸರಿಮಾಡಿದ ಕೂಡಲೇ ತುಕ್ಕಿನ ಲೋಹದ ಮಿನುಗು ಹೋಯಿತು.

ಕೆಂಪು ಮಣ್ಣಿನದು ಬೇರೆ ಕಥೆ. ಚಿರೇಕಲ್ಲಿನ ನೆಲ, ಮಳೆ ಹನಿ ಬಿದ್ದು ಎರಡಡಿ ಎತ್ತರಕ್ಕೆ ಕೆಂಪು ಸಿಡಿದಿರುತ್ತದೆ. ಆ ಮಣ್ಣಿನ ಕೆಂಪಿಗೂ ಕಾರಣ ಕಬ್ಬಿಣದ ಆಕ್ಸೈಡೇ. ಅಂದರೆ ಕಾರಿನ ತುಕ್ಕು, ನೆಲದ ಮಣ್ಣು ಎರಡೂ ಒಂದೇ ವಂಶ, ಬಣ್ಣವೂ ಹತ್ತಿರ ಹತ್ತಿರ. ಪರದೆಯ ಮೇಲೆ ಎರಡೂ ಕಲಸಿಹೋಗಿ ಬಾಗಿಲಿನ ಕೆಳಭಾಗ ಒಂದು ಕೆಂಪು ಮುದ್ದೆಯಾಯಿತು. ಎರಡು ದಿನ ಇದರಲ್ಲೇ ಕಳೆದೆ. ಕೊನೆಗೆ ದಿಕ್ಕಿನಿಂದ ಬಿಡಿಸಿದೆ. ತುಕ್ಕು ಮೇಲಿನಿಂದ ಕೆಳಗೆ ಗೆರೆಯಾಗಿ ಇಳಿಯುತ್ತದೆ. ಮಣ್ಣು ಕೆಳಗಿನಿಂದ ಮೇಲಕ್ಕೆ ಚುಕ್ಕೆಯಾಗಿ ಸಿಡಿಯುತ್ತದೆ, ಮೇಲೆ ಹೋದಂತೆ ವಿರಳವಾಗುತ್ತದೆ. ಹಾಗೆ ಮಾಡಿದ ಮೇಲೆ ಬಣ್ಣ ಒಂದೇ ಇದ್ದರೂ ಕಣ್ಣು ಎರಡನ್ನೂ ಬೇರೆಯಾಗಿ ಓದಿತು.

ಎಡಬದಿಯ ನೆರಳಿನ ಭಾಗಕ್ಕೆ ಹಸಿರು ಪಾಚಿ, ಚಾವಣಿಗೆ ಅಲ್ಲಲ್ಲಿ ಕಲ್ಲುಹೂವಿನ ಬೂದು ಬಿಲ್ಲೆಗಳು. ಕಲ್ಲುಹೂವು ಬಲು ನಿಧಾನ ಬೆಳೆಯುವಂಥದ್ದು, ಅದನ್ನು ಎಲೆ ಬೀಳುವ ಅಥವಾ ಚಕ್ಕೆ ಉದುರುವ ಜಾಗಕ್ಕೆ ಹಾಕಬಾರದು.

ಅನ್‌ರಿಯಲ್‌ಗೆ ಹಾಕಿದ ದಿನ ಒಂದು ಗಾಬರಿಯಾಯಿತು. ಉಬ್ಬಿದ ಗುಳ್ಳೆಗಳೆಲ್ಲ ತಗ್ಗಾಗಿ ಕಂಡವು. ಕಾರಣ ಗೊತ್ತಾಗಲು ಒಂದು ಗಂಟೆ ಬೇಕಾಯಿತು. ಮೇಲ್ಮೈಗೆ ಉಬ್ಬುತಗ್ಗಿನ ಭ್ರಮೆ ಕೊಡುವ ಚಿತ್ರ, ಅಂದರೆ ನಾರ್ಮಲ್ ಮ್ಯಾಪ್, ಎರಡು ರೀತಿಯಲ್ಲಿ ಬರೆಯುತ್ತಾರೆ, ಓಪನ್‌ಜಿಎಲ್ ರೀತಿ ಮತ್ತು ಡೈರೆಕ್ಟ್‌ಎಕ್ಸ್ ರೀತಿ. ಬ್ಲೆಂಡರ್ ಮೊದಲನೆಯದನ್ನು ಓದುತ್ತದೆ, ಅನ್‌ರಿಯಲ್ ಎರಡನೆಯದನ್ನು. ನಾನು ಓಪನ್‌ಜಿಎಲ್‌ ರೀತಿಯಲ್ಲಿ ಆ ಚಿತ್ರ ತಯಾರಿಸಿ ಹಾಗೇ ಕಳಿಸಿದ್ದೆ. ಮೇಲೆ-ಕೆಳಗೆ ಹೇಳುವ ಹಸಿರು ಚಾನೆಲ್ ಒಂದರಲ್ಲಿದ್ದದ್ದು ಇನ್ನೊಂದರಲ್ಲಿ ತಲೆಕೆಳಗು, ಅದನ್ನು ತಿರುಗಿಸಿದರೆ ಮುಗಿಯಿತು.

ಕಾರಿನ ಕೆಳಗಿನ ನೆಲ

ಕೊಟ್ಟ ಕೆಲಸದಲ್ಲಿ ನೆಲ ಇರಲಿಲ್ಲ. ನಾನೇ ಕೇಳಿ ಹಾಕಿಕೊಂಡೆ. ನಿಂತ ಕಾರಿಗೂ ಅದರ ನೆಲಕ್ಕೂ 16 ವರ್ಷದ ಲೇವಾದೇವಿ ಇರುತ್ತದೆ. ಕಾರಿನ ಕೆಳಗೆ ಮಳೆಯಿಲ್ಲ, ಬಿಸಿಲಿಲ್ಲ, ಅಲ್ಲಿ ಹುಲ್ಲಿಲ್ಲದ ಒಣ ಮಣ್ಣು, ಕೋಳಿ ಕೆದರಿದ ಗುಂಡಿಗಳು. ಮೈಯ ಅಂಚಿನಿಂದ ಹನಿ ಬೀಳುವ ಸಾಲಿನಲ್ಲಿ, ಮನೆಯ ಸೂರಿನ ಕೆಳಗೆ ಆಗುತ್ತದಲ್ಲ, ಹಾಗೆ ಸಣ್ಣ ಸಣ್ಣ ಗುಳಿಗಳ ಗೆರೆ. ಅದರಾಚೆಗೆ ದಟ್ಟ ಹುಲ್ಲು. ಈ ಮೂರು ಪಟ್ಟಿ ಇಲ್ಲದೆ ಎಷ್ಟೇ ಒಳ್ಳೆಯ ಮಾದರಿ ಇಟ್ಟರೂ ನೆನ್ನೆ ಕ್ರೇನಿನಲ್ಲಿ ತಂದು ಇಳಿಸಿದ ಹಾಗೆ ಕಾಣುತ್ತದೆ.

ಒಳಭಾಗದಲ್ಲಿ ಹೆಚ್ಚು ಹೊತ್ತು ಕಳೆಯಲಿಲ್ಲ. ರೆಕ್ಸಿನ್ ಹರಿದು ನಾರು ಹೊರಬಂದ ಸೀಟು, ಹಿಂದಿನ ಸೀಟಿನ ಮೂಲೆಯಲ್ಲಿ ಕೋಳಿ ಕೂತು ಆದ ತಗ್ಗು, ಡ್ಯಾಶ್‌ಬೋರ್ಡಿನ ಮೇಲೆ ಗಣಪತಿ ಕೂತಿದ್ದ ಜಾಗದ ದುಂಡು ಗುರುತು. ಮೂರ್ತಿಯನ್ನು ದೊಡ್ಡಮ್ಮ ಎಂದೋ ಒಳಗೆ ತೆಗೆದುಕೊಂಡು ಹೋಗಿದ್ದರು. ಮಾದರಿಯಲ್ಲೂ ಗುರುತು ಮಾತ್ರ ಇಟ್ಟೆ. ನಂಬರ್ ಪ್ಲೇಟಿನ ಅಂಕೆಗಳನ್ನು ಬದಲಿಸಿದೆ.

ಕೊನೆಗೆ 62,000 ತ್ರಿಕೋನ ಆಯಿತು. ದೂರದಿಂದ ನೋಡಲು ಇನ್ನೂ ಮೂರು ಹಗುರ ಆವೃತ್ತಿ ಮಾಡಿದೆ. ಮೇಡಂ ಮತ್ತೆ ಐದು ನಿಮಿಷ ತಿರುಗಿಸಿ ನೋಡಿದರು. ಈ ಸಲ ಅವರೇ ಎಡ ಹಿಂಬದಿಯ ಮೂಲೆ ತೋರಿಸಿ "ಮಳೆ ಈ ಕಡೆಯಿಂದ" ಅಂದರು. ಮಾದರಿ ಒಪ್ಪಿಗೆಯಾಯಿತು.

ಬಿಟ್ಟಿದ್ದ ಕಲೆ

ಚಾವಣಿಯ ಆ ಎರಡಡಿ ಮೂರಡಿ ಕಲೆಯನ್ನು ನಾನು ಹಾಕಿರಲಿಲ್ಲ. ಕಾರಣ ಗೊತ್ತಿಲ್ಲದ ಕಲೆ ನೋಡುವವರಿಗೆ ತಪ್ಪಿನ ಹಾಗೆ ಕಾಣುತ್ತದೆ, ನೀರಿನ ದಾರಿಗೂ ಅದು ಹೊಂದುವುದಿಲ್ಲ ಅಂತ ನನ್ನ ಲೆಕ್ಕ.

ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಕಾರು ತೋರಿಸಿದೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ನಾನು ಮೆಲ್ಲಗೆ ತಿರುಗಿಸುತ್ತಾ ಹೋದೆ. ಚಾವಣಿ ಬಂದಾಗ ಕೈ ಹಿಡಿದು ನಿಲ್ಲಿಸಿದರು.

"ಮೇಲೆ ಕಲೆ ಇಲ್ವಲ್ಲ?"

"ಅದು ಪುಟ್ಟಿ ಎದ್ದದ್ದಲ್ವಾ ದೊಡ್ಡಮ್ಮ?"

"ಎಂತ ಪುಟ್ಟಿ? ಅಲ್ಲಿ ನಾನು ಮುರುಗಲು ಒಣಗಿಸ್ತಿದ್ದೆ. ಕೆಳಗೆ ಇಟ್ರೆ ಕೋಳಿ ಬಿಡ್ತಿರ್ಲಿಲ್ಲ."

ಮುರುಗಲು ಅಂದರೆ ಕೋಕಂ, ಹುಳಿ ಹಣ್ಣು. ಪ್ರತಿ ಬೇಸಿಗೆಯ ಕೊನೆಗೆ, ಮಳೆ ಹಿಡಿಯುವ ಮೊದಲು, ಅದರ ಸಿಪ್ಪೆಗೆ ಉಪ್ಪು ಹಾಕಿ, ಅದರದೇ ರಸದಲ್ಲಿ ಅದ್ದಿ ಅದ್ದಿ, ಚಾಪೆಯ ಮೇಲೆ ಹರಡಿ ಚಾವಣಿಯ ಮೇಲೆ ಇಡುತ್ತಿದ್ದರಂತೆ. ಹುಳಿ ರಸ, ಉಪ್ಪು, ಕಾದ ತಗಡು, ಅದೂ ವರ್ಷ ವರ್ಷ. ನೀರಿನ ದಾರಿ ಹುಡುಕುತ್ತಿದ್ದ ನನಗೆ ಇದು ಸಿಗುವುದು ಸಾಧ್ಯವೇ ಇರಲಿಲ್ಲ. ಎದುರಿಗೇ ಕೂತಿದ್ದ ಅವರನ್ನು ನಾನು ಆ ಕಲೆಯ ಬಗ್ಗೆ ಕೇಳಿಯೇ ಇರಲಿಲ್ಲ.

ಬೆಂಗಳೂರಿಗೆ ಬಂದು ಮೇಡಂ ಹತ್ತಿರ ಇನ್ನೆರಡು ದಿನ ಕೇಳಿದೆ. ಹಳೇ ಫೋಟೋ ತೆಗೆದು ನೋಡಿದರೆ ಕಲೆಯ ಮೂರು ಅಂಚು ನೆಟ್ಟಗಿದ್ದವು, ಚಾಪೆಯ ಅಂಚಿನ ಹಾಗೆ. ನಾಲ್ಕನೆಯದು, ಎಡ ಹಿಂಬದಿಯದು, ಕರಗಿ ಕಾಲುವೆಯ ಕಡೆಗೆ ನಾಲಿಗೆ ಚಾಚಿತ್ತು. ಮೊದಲ ಫೋಲ್ಡರ್ ತೆರೆದು ಅಲ್ಲಿ ಒಂದು ಚಾಪೆಯ ಆಕಾರದ ಮಾಸ್ಕ್ ಇಟ್ಟೆ. ಪದರಕ್ಕೆ "ಮುರುಗಲು" ಅಂತ ಹೆಸರು ಕೊಟ್ಟೆ. ಮುಂದಿನ ಮೂರು ಫೋಲ್ಡರುಗಳಲ್ಲೂ ಅದರಿಂದ ತುಕ್ಕು ತಾನಾಗಿ ಬೆಳೆದು ಬಂತು.